ಬೆಳಗಿನ ಬಸ್ಸನ್ನು ಖಾಲಿ ಮಾಡುವುದು ರಾತ್ರಿಯ ಕೊನೆಯ ಟ್ರಿಪ್

ಮಂಗಳೂರಿನ ಸಾರಿಗೆಯ ಬಗ್ಗೆ ಯಾವ ಸಭೆ ನಡೆದರೂ ಮಾತು ಬಹುಬೇಗ ಹೊಸ ವಾಹನದ ಕಡೆಗೆ ಹೊರಳುತ್ತದೆ. ಎಲೆಕ್ಟ್ರಿಕ್ ಬಸ್ ಬರಬೇಕು, ಮಣಿಪಾಲದ ತನಕ ಮೆಟ್ರೊ ಆಗಬೇಕು. ಈಗ ಕೆಲವು ಸಮಯದಿಂದ ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ವಾಟರ್ ಮೆಟ್ರೊ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಶುರುವಾದ ದೋಣಿಗಳು ಓಡುತ್ತಿರುವಾಗ, ಎರಡು ನದಿಗಳೂ ಒಂದು ಕಡಲೂ ಇರುವ ನಮ್ಮ ಊರಿಗೆ ಯಾಕಾಗದು ಎಂಬ ವಾದಕ್ಕೆ ತಲೆದೂಗುವವರು ಬೇಕಾದಷ್ಟಿದ್ದಾರೆ. ಯಾವ ವಾಹನ ಎಂಬುದು ಇತ್ಯರ್ಥವಾದ ಮೇಲೆ ವರದಿಯ ಯಾವುದೋ ಅಧ್ಯಾಯದಲ್ಲಿ ಒಂದು ಅಂಕಿ ಬಂದು ಕೂರುತ್ತದೆ: ದಿನಕ್ಕೆ ಇಷ್ಟು ಸಾವಿರ ಜನ ಹತ್ತುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಅದು ಬರುವುದು ಒಂದು ಲೆಕ್ಕದಿಂದ. ಬಸ್, ಸ್ಕೂಟರ್, ಆಟೊ, ಕಾರು, ನಡಿಗೆ ಇವುಗಳ ನಡುವೆ ಒಬ್ಬ ಮನುಷ್ಯ ಯಾವುದನ್ನು ಆರಿಸಿಕೊಂಡಾನು ಎಂದು ಅಂದಾಜು ಮಾಡುವ ಈ ಲೆಕ್ಕಕ್ಕೆ ಸಾರಿಗೆ ಎಂಜಿನಿಯರುಗಳು ಆಯ್ಕೆ ಮಾದರಿ ಎನ್ನುತ್ತಾರೆ. ಅದರ ಒಳಹೊಕ್ಕು ನೋಡಿದರೆ ನಮ್ಮ ಊರಿನ ಬಸ್‌ಗಳ ಬಗ್ಗೆ ಸಭೆಗಳಲ್ಲಿ ಯಾರೂ ಆಡದ ಒಂದು ಮಾತು ಹೊರಬೀಳುತ್ತದೆ.

1950ರ ದಶಕದಲ್ಲಿ ಡೆಟ್ರಾಯಿಟ್, ಷಿಕಾಗೊ ನಗರಗಳ ರಸ್ತೆ ಯೋಜನೆಗಾಗಿ ರೂಪುಗೊಂಡ ಹಳೆಯ ಪದ್ಧತಿಯಲ್ಲಿ ನಗರವನ್ನು ವಲಯಗಳಾಗಿ ಕತ್ತರಿಸುತ್ತಿದ್ದರು. ಈ ವಲಯದಿಂದ ಎಷ್ಟು ಪ್ರಯಾಣ ಹೊರಡುತ್ತದೆ, ಯಾವ ವಲಯಕ್ಕೆ ಹೋಗುತ್ತದೆ, ಯಾವ ವಾಹನದಲ್ಲಿ, ಯಾವ ರಸ್ತೆಯಲ್ಲಿ ಎಂದು ನಾಲ್ಕು ಹೆಜ್ಜೆಗಳ ಲೆಕ್ಕ. ಅಲ್ಲಿ ಮನುಷ್ಯನಿರಲಿಲ್ಲ, ಸರಾಸರಿ ಇತ್ತು. 1970ರ ದಶಕದ ಆರಂಭದಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಮತ್ತು ಅವರ ತಂಡ ಇದನ್ನು ತಿರುಗಿಸಿ ಹಾಕಿದರು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಿಗೆ ಬಾರ್ಟ್ ಎಂಬ ಹೊಸ ರೈಲು ಬರಲಿತ್ತು. ಕೆಲಸಕ್ಕೆ ಹೋಗುವವರಲ್ಲಿ ಶೇ 15ರಷ್ಟು ಮಂದಿ ರೈಲು ಹತ್ತುತ್ತಾರೆ ಎಂಬುದು ಅಧಿಕೃತ ಅಂದಾಜು. ಮ್ಯಾಕ್‌ಫ್ಯಾಡನ್ ತಂಡ ಒಬ್ಬೊಬ್ಬ ಪ್ರಯಾಣಿಕರ ಆಯ್ಕೆಯನ್ನು ಕೇಳಿ ಕಟ್ಟಿದ ಮಾದರಿ ಹೇಳಿದ್ದು ಶೇ 6.3. ರೈಲು ಓಡತೊಡಗಿದ ಮೇಲೆ ಎಣಿಸಿದಾಗ ಸಿಕ್ಕಿದ್ದು ಶೇ 6.2. ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ. 2000ದಲ್ಲಿ ಅವರಿಗೆ ಜೇಮ್ಸ್ ಹೆಕ್‌ಮನ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಮಾದರಿಯ ಹೂರಣ ಇಷ್ಟೆ. ಪಿಯುಸಿಯಲ್ಲಿ ಅರ್ಥಶಾಸ್ತ್ರ ಓದಿದವರಿಗೆ ತುಷ್ಟಿಗುಣ, ಅಂದರೆ ಒಂದು ವಸ್ತುವಿನಿಂದ ಸಿಗುವ ತೃಪ್ತಿಯ ಅಳತೆ, ನೆನಪಿರಬಹುದು. ಪ್ರತಿ ವಾಹನಕ್ಕೂ ಒಂದು ತುಷ್ಟಿಗುಣ ಇದೆ. ಪ್ರಯಾಣದ ಮಟ್ಟಿಗೆ ಅದು ಯಾವಾಗಲೂ ನಷ್ಟದ ಬಾಬತ್ತು: ಹೋದ ಸಮಯ, ಹೋದ ದುಡ್ಡು, ಪಟ್ಟ ಪಾಡು. ಅಳೆಯಲು ಬರುವುದನ್ನು ಅಳೆಯುತ್ತಾರೆ. ಬಾರದ್ದನ್ನು ಆಕಸ್ಮಿಕ ಎಂದು ಬದಿಗಿಡುತ್ತಾರೆ. ಆಮೇಲೆ ಲಾಜಿಟ್ ಎಂಬ ಸೂತ್ರ ಎಲ್ಲ ವಾಹನಗಳ ನಷ್ಟಗಳನ್ನು ಹೋಲಿಸಿ, ನೂರು ಜನರಲ್ಲಿ ಎಷ್ಟು ಮಂದಿ ಯಾವುದನ್ನು ಆರಿಸಿಯಾರು ಎಂದು ಹೇಳುತ್ತದೆ. ನಷ್ಟ ಹೆಚ್ಚಿದ್ದರೂ ಯಾರೂ ಹತ್ತುವುದೇ ಇಲ್ಲ ಎಂದಾಗುವುದಿಲ್ಲ, ಸಂಖ್ಯೆ ಕರಗುತ್ತಾ ಹೋಗುತ್ತದೆ.

ಎಲ್ಲ ನಿಮಿಷಗಳೂ ಒಂದೇ ತೂಕದವಲ್ಲ. ಬಸ್ಸಿನ ಒಳಗೆ ಕೂತು ಕಳೆದ ಹತ್ತು ನಿಮಿಷಕ್ಕೂ ಬಸ್‌ಸ್ಟಾಪಿನಲ್ಲಿ ನಿಂತು ಕಳೆದ ಹತ್ತು ನಿಮಿಷಕ್ಕೂ ಅಜಗಜಾಂತರ. ದೇಶ ದೇಶಗಳ ಅಧ್ಯಯನಗಳಲ್ಲಿ ಕಾಯುವ ಸಮಯಕ್ಕೆ, ನಡೆಯುವ ಸಮಯಕ್ಕೆ ಬಸ್ಸಿನೊಳಗಿನ ಸಮಯದ ಸುಮಾರು ಎರಡು ಪಟ್ಟು ತೂಕ ಕೊಡುವುದು ರೂಢಿ. ಪಂಪ್‌ವೆಲ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಂತವರು ಇನ್ನೂ ಹೆಚ್ಚು ಕೊಟ್ಟಾರು.

ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ದಾರಿ ತೋರಿಸಲು ನಾನು ಇಟ್ಟುಕೊಂಡವು, ಯಾವ ಸಮೀಕ್ಷೆಯಿಂದಲೂ ಬಂದವಲ್ಲ. ತೊಕ್ಕೊಟ್ಟಿನ ಒಳರಸ್ತೆಯಲ್ಲಿ ಮನೆ, ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ. ಒಂದು ರೂಪಾಯಿ ಉಳಿಸಲು ಒಂದು ನಿಮಿಷ ಬಿಡಲು ಸಿದ್ಧರಿರುವ ಮನುಷ್ಯ. ಬೆಳಿಗ್ಗೆ ಬಸ್ಸಿನಲ್ಲಾದರೆ ಎರಡೂ ಕಡೆ ಸೇರಿ 6 ನಿಮಿಷ ನಡಿಗೆ, 6 ನಿಮಿಷ ಕಾಯುವುದು. ಇವೆರಡನ್ನೂ ಇಮ್ಮಡಿ ಮಾಡಿದರೆ 24. ಬಸ್ಸಿನೊಳಗೆ 28. ಟಿಕೆಟಿಗೆ 20 ರೂಪಾಯಿ. ಒಟ್ಟು ನಷ್ಟ 72. ಸ್ಕೂಟರಿನಲ್ಲಾದರೆ 22 ನಿಮಿಷದ ಸವಾರಿ, ನಿಲ್ಲಿಸಿ ನಡೆಯಲು 3 ನಿಮಿಷ, ಅದು ಇಮ್ಮಡಿಯಾಗಿ 6, ಪೆಟ್ರೋಲಿಗೆ 18 ರೂಪಾಯಿ. ಒಟ್ಟು 46. ಅಂತರ 26. ನಿಮಿಷಕ್ಕೆ 0.05ರ ಗುಣಕವಿಟ್ಟು (ಒಂದು ನಿಮಿಷದ ನಷ್ಟ ಆಯ್ಕೆಯನ್ನು ಎಷ್ಟು ಕದಲಿಸುತ್ತದೆ ಎಂಬ ಅಳತೆ ಅದು) ಸೂತ್ರಕ್ಕೆ ಹಾಕಿದರೆ, ಇಂಥ ನೂರು ಮಂದಿಯಲ್ಲಿ 21 ಮಂದಿ ಬಸ್ಸಿಗೆ ಬರುತ್ತಾರೆ, 79 ಮಂದಿ ಸ್ಕೂಟರ್ ಹತ್ತುತ್ತಾರೆ. ಸ್ಕೂಟರಿನ ಸಾಲದ ಕಂತು ಈ ಲೆಕ್ಕದಲ್ಲಿ ಇಲ್ಲವಲ್ಲ ಎನ್ನಬಹುದು. ಇಲ್ಲ, ಇರುವುದೂ ಇಲ್ಲ. ಕಂತು ತಿಂಗಳ ಐದನೇ ತಾರೀಖಿನ ಚಿಂತೆ, ಬೆಳಿಗ್ಗೆ ಎಂಟೂವರೆಗೆ ಕೀ ಕೈಗೆ ತೆಗೆದುಕೊಳ್ಳುವವರ ಕಣ್ಣೆದುರು ಇರುವುದು ಪೆಟ್ರೋಲ್ ಮುಳ್ಳು ಮಾತ್ರ.

ಇಲ್ಲಿಗೆ ಲೆಕ್ಕ ನಿಲ್ಲಿಸುವ ವರದಿಗಳು ಅನೇಕ. ಬೆಳಗಿನ ದಟ್ಟಣೆಯ ಹೊತ್ತಿನ ಒಂದು ದಿಕ್ಕಿನ ಪ್ರಯಾಣ ತೆಗೆದುಕೊಂಡರೆ ಸಾಕು, ಸಂಜೆಯದು ಅದರ ಪ್ರತಿಬಿಂಬ ಎಂದು ಅವು ನಂಬುತ್ತವೆ. ನಮ್ಮ ಬಟ್ಟೆ ಅಂಗಡಿಯ ಸಂಜೆ ಬೆಳಗಿನ ಪ್ರತಿಬಿಂಬವಲ್ಲ. ಬಾಗಿಲು ಹಾಕಿ, ಲೆಕ್ಕ ಒಪ್ಪಿಸಿ ಹೊರಬರುವಾಗ ರಾತ್ರಿ ಎಂಟೂವರೆ, ಒಂಬತ್ತು. ಹಗಲಿನಲ್ಲಿ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗುವಂತೆ ಓಡುವ ಸಿಟಿ ಬಸ್‌ಗಳು ಆ ಹೊತ್ತಿಗೆ ಚದುರಿಹೋಗಿರುತ್ತವೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದ ಅಂಚಿನಲ್ಲಿ ದೀಪ ಆರಿಸಿದ ಒಂದೆರಡು ಬಸ್, ಒಳಗೆ ಸೀಟಿನ ಮೇಲೆ ನೋಟು ಹರಡಿಕೊಂಡು ಕಲೆಕ್ಷನ್ ಎಣಿಸುವ ಕಂಡಕ್ಟರ್. ಹೊರಗೆ ಊಟದ ಡಬ್ಬಿಯ ಚೀಲ ಹಿಡಿದು ನಿಂತ ನಾಲ್ಕೈದು ಮಂದಿ. “ತೊಕ್ಕೊಟ್ಟಿಗೆ ಇನ್ನು ಬಸ್ ಇದೆಯಾ ಅಣ್ಣಾ?” “ಇತ್ತು ಮಾರಾಯರೇ, ಟ್ರಿಪ್ ಕಟ್ ಮಾಡಿದ್ದಾರೆ. ಸರ್ವಿಸ್ ಬಸ್ ಬಂದರೆ ನೋಡಿ.” ಒಬ್ಬರು ಮೊಬೈಲ್ ತೆಗೆದು ಮಗನಿಗೆ ಬೈಕ್ ತರಲು ಹೇಳುತ್ತಾರೆ. ಇನ್ನಿಬ್ಬರು ಆಟೊದವರ ಜೊತೆ ಚೌಕಾಸಿಗೆ ನಿಲ್ಲುತ್ತಾರೆ.

ಈ ರಾತ್ರಿಯನ್ನು ಲೆಕ್ಕಕ್ಕೆ ಸೇರಿಸಿ. ಕಾಯುವಿಕೆ 6 ನಿಮಿಷದ ಬದಲು 25 ಎಂದಿಟ್ಟರೆ, ಇಮ್ಮಡಿಯಾಗಿ 50. ಬಸ್ಸಿನ ವಾಪಸು ಪ್ರಯಾಣದ ನಷ್ಟ 72ರಿಂದ 110ಕ್ಕೆ ಏರಿತು. ಸ್ಕೂಟರಿನದು ಮೊದಲಿನ 46ರಲ್ಲೇ ಇದೆ, ರಾತ್ರಿ ರಸ್ತೆ ಖಾಲಿಯಿದ್ದರೆ ಅದಕ್ಕೂ ಕಡಿಮೆ. ಬೆಳಿಗ್ಗೆ ಬಸ್ಸಿನಲ್ಲಿ ಬಂದವರು ರಾತ್ರಿ ಸ್ಕೂಟರಿನಲ್ಲಿ ಹೋಗಲಾಗುವುದಿಲ್ಲ, ಸ್ಕೂಟರ್ ಮನೆಯಲ್ಲಿದೆ. ಹಾಗಾಗಿ ಆಯ್ಕೆ ನಡೆಯುವುದು ಹೋಗಿಬರುವ ಇಡೀ ಸುತ್ತಿನ ಮೇಲೆ. ಎರಡೂ ದಿಕ್ಕುಗಳ ಸರಾಸರಿ ತೆಗೆದರೆ ಬಸ್ಸಿಗೆ 91, ಸ್ಕೂಟರಿಗೆ 46. ಈಗ ನೂರರಲ್ಲಿ ಬಸ್ಸಿಗೆ ಉಳಿಯುವವರು ಹತ್ತಕ್ಕೂ ತುಸು ಕಡಿಮೆ. ಬೆಳಗಿನ ಬಸ್ಸಿನಲ್ಲಿ ಏನೂ ಬದಲಾಗಿಲ್ಲ. ಅದೇ ದರ, ಅದೇ ವೇಗ, ಅದೇ ಆರು ನಿಮಿಷದ ಕಾಯುವಿಕೆ. ಆದರೂ ಅದರ ಪ್ರಯಾಣಿಕರು ಅರ್ಧಕ್ಕರ್ಧ ಮಾಯವಾದರು.

ಮುಂದಿನ ಹೆಜ್ಜೆ ಇನ್ನೂ ಕುತೂಹಲದ್ದು. ಟಿಕೆಟ್ ದರವನ್ನು ಎರಡೂ ಕಡೆ 5 ರೂಪಾಯಿ ಇಳಿಸಿ, ಅಂದರೆ ನಾಲ್ಕರಲ್ಲಿ ಒಂದು ಪಾಲು ರಿಯಾಯಿತಿ ಕೊಡಿ. ಬಸ್ಸಿಗೆ ಬರುವವರು 12. ದರ ಹಾಗೆಯೇ ಇರಲಿ, ರಾತ್ರಿಯ ಕಾಯುವಿಕೆಯನ್ನು ಮಾತ್ರ 25ರಿಂದ 8 ನಿಮಿಷಕ್ಕೆ ತನ್ನಿ. ಬಸ್ಸಿಗೆ ಬರುವವರು 20. ಗುಣಕ ಬದಲಿಸಿದರೆ ಈ ಅಂಕಿಗಳು ಮೇಲೆ ಕೆಳಗೆ ಆಗುತ್ತವೆ, ಯಾವುದು ದೊಡ್ಡದು ಯಾವುದು ಸಣ್ಣದು ಎಂಬುದು ಬದಲಾಗುವುದಿಲ್ಲ. ಕಾಯುವ ಸಮಯದ ತೂಕ ಇಮ್ಮಡಿಯಾಗಿರುವ ತನಕ, ರಾತ್ರಿಯ ಹದಿನೇಳು ನಿಮಿಷ ಮೂವತ್ತನಾಲ್ಕು ರೂಪಾಯಿಗೆ ಸಮ.

ಬಸ್ ಮಾಲೀಕರ ಲೆಕ್ಕ ಬೇರೆ. ಅವರ ಟಿಕೆಟ್ ಮೆಷಿನ್ ಪ್ರತಿ ಟ್ರಿಪ್‌ನ ಕಲೆಕ್ಷನನ್ನು ಆ ಟ್ರಿಪ್‌ನ ಹೆಸರಿನಲ್ಲೇ ಬರೆಯುತ್ತದೆ. ರಾತ್ರಿ ಒಂಬತ್ತರ ಟ್ರಿಪ್‌ನಲ್ಲಿ ಹದಿನೈದು ಮಂದಿ, ಡೀಸೆಲಿಗೂ ಸಾಲದು. ಬೆಳಗಿನ ಟ್ರಿಪ್‌ನಲ್ಲಿ ಕಾಲಿಡಲು ಜಾಗವಿಲ್ಲ. ಆದ್ದರಿಂದ ರಾತ್ರಿಯದನ್ನು ಕಡಿದರೆ ಉಳಿತಾಯ. ಕಾಗದದ ಮೇಲೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ರಾತ್ರಿಯ ಆ ಹದಿನೈದು ಮಂದಿ, ಬೆಳಿಗ್ಗೆ ಟಿಕೆಟ್ ಕೊಂಡಿದ್ದವರೇ ಎಂಬುದು ಮೆಷಿನಿಗೆ ಗೊತ್ತಿಲ್ಲ. ಟ್ರಿಪ್ ಕಟ್ ಆದ ಮೇಲೆ ಕೆಲವು ವಾರ ಅವರು ಹೇಗೋ ತೂಗಿಸುತ್ತಾರೆ, ಆಮೇಲೆ ಕಂತಿನಲ್ಲಿ ಸ್ಕೂಟರ್ ತರುತ್ತಾರೆ. ಸ್ಕೂಟರ್ ಬಂದ ಮೇಲೆ ಬೆಳಗಿನ ಬಸ್ಸಿಗೂ ಅವರಿಲ್ಲ, ಭಾನುವಾರ ಮಂಗಳಾದೇವಿಗೆ ಹೋಗುವ ಬಸ್ಸಿಗೂ ಇಲ್ಲ, ಅವರ ಹಿಂದೆ ಕೂತು ಹೋಗುವ ಮನೆಯವರೂ ಇಲ್ಲ. ಬೆಳಿಗ್ಗೆ ಸೀಟು ಖಾಲಿಯಾಗತೊಡಗಿದಾಗ ಮಾಲೀಕರು ದ್ವಿಚಕ್ರ ವಾಹನಗಳ ಹಾವಳಿಯನ್ನು ದೂರುತ್ತಾರೆ, ಸಂಜೆಯ ಇನ್ನೊಂದು ಟ್ರಿಪ್ ಕಡಿಯುತ್ತಾರೆ. ನನಗೆ ಮಾಲೀಕರ ಮೇಲೆ ಸಿಟ್ಟಿಲ್ಲ. ನಷ್ಟದ ಟ್ರಿಪ್ಪನ್ನು ಧರ್ಮಾರ್ಥ ಓಡಿಸಿ ಎಂದು ಒಬ್ಬರೇ ಮಾಲೀಕರಿಗೆ ಹೇಳಲಾಗದು, ಏಕೆಂದರೆ ಅವರು ಓಡಿಸಿದ ರಾತ್ರಿಯ ಟ್ರಿಪ್‌ನಿಂದ ಉಳಿದ ಪ್ರಯಾಣಿಕ ಬೆಳಿಗ್ಗೆ ಹತ್ತುವುದು ಬೇರೆಯವರ ಬಸ್ಸನ್ನು. ಒಂದೇ ರಸ್ತೆಯಲ್ಲಿ ಹಲವು ಮಾಲೀಕರು ಓಡಿಸುವ ನಮ್ಮ ವ್ಯವಸ್ಥೆಯ ಗಂಟು ಇರುವುದು ಇಲ್ಲಿ.

ಈ ವ್ಯವಸ್ಥೆಗೆ ಹಳೆಯ ಬೇರುಗಳಿವೆ. ಮಂಗಳೂರಿನಲ್ಲಿ ಸಿಪಿಸಿ (ಕೆನರಾ ಪಬ್ಲಿಕ್ ಕನ್ವೇಯನ್ಸ್) ಬಸ್ ಕಂಪನಿ ಹುಟ್ಟಿದ್ದು 1914ರಲ್ಲಿ. 1956ರ ತನಕ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹಳೆ ಮೈಸೂರಿನಲ್ಲಿ ಸರಕಾರಿ ಬಸ್ ನೆಲೆಯೂರಿದ ಹಾಗೆ ಇಲ್ಲಿ ಊರಲಿಲ್ಲ. ಖಾಸಗಿಯವರೇ ಊರೂರಿಗೆ ಬಸ್ ಒಯ್ದರು. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿ ಮೂಲೆಗೂ ಬಸ್ ಇದ್ದ ಕಾಲದ ಹೆಗ್ಗಳಿಕೆ ಅವರದೇ. ನಗರದೊಳಗೆ ಸರಕಾರಿ ಬಸ್ ಎದ್ದು ಕಾಣತೊಡಗಿದ್ದು ಜೆನರ್ಮ್ ಎಂಬ ಕೇಂದ್ರ ಸರಕಾರದ ನಗರಾಭಿವೃದ್ಧಿ ಯೋಜನೆಯ ದುಡ್ಡಿನಲ್ಲಿ ಬಂದ ಬಸ್‌ಗಳಿಂದ. ಇಂದಿಗೂ ಜನ ಅವನ್ನು ನರ್ಮ್ ಬಸ್ ಎಂದೇ ಕರೆಯುತ್ತಾರೆ.

ಖಾಸಗಿಯದರ ಪಕ್ಕದಲ್ಲೇ ಸರಕಾರಿಯದು ಓಡುವುದರಿಂದ ಆಯ್ಕೆ ಮಾದರಿಯ ಹಳೆಯ ಒಗಟೊಂದು ನಮ್ಮ ರಸ್ತೆಗಳಲ್ಲಿ ಜೀವಂತವಾಗಿದೆ. ಕೆಂಪು ಬಸ್, ನೀಲಿ ಬಸ್ ಎಂದು ಪಠ್ಯಪುಸ್ತಕಗಳಲ್ಲಿ ಹೆಸರಾದ ಒಗಟು ಅದು. ಒಂದು ಊರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ. ಬಣ್ಣ ಬಿಟ್ಟು ಬೇರೆಲ್ಲದರಲ್ಲೂ ಅದರಂತೆಯೇ ಇರುವ ನೀಲಿ ಬಸ್ ಒಂದು ಬಂತು. ಲಾಜಿಟ್ ಸೂತ್ರಕ್ಕೆ ಮೂರನ್ನೂ ಬೇರೆ ಬೇರೆ ಆಯ್ಕೆಗಳೆಂದು ಕೊಟ್ಟರೆ ಮೂವರಿಗೂ ಮೂರರಲ್ಲೊಂದು ಪಾಲು ಹಂಚುತ್ತದೆ, ಅಂದರೆ ಕಾರಿನವರು 50ರಿಂದ 33ಕ್ಕೆ ಇಳಿದರು ಎನ್ನುತ್ತದೆ. ಬಸ್ಸಿಗೆ ಬಣ್ಣ ಬಳಿದ ಮಾತ್ರಕ್ಕೆ ಕಾರು ಬಿಟ್ಟು ಬರುವವರು ಯಾರೂ ಇಲ್ಲ. ಕಾರು 50ರಲ್ಲೇ ಉಳಿದು, ಬಸ್‌ಗಳೆರಡೂ ತಲಾ 25 ಹಂಚಿಕೊಳ್ಳುತ್ತವೆ. ಇದನ್ನು ಸರಿಪಡಿಸಲು ಮೊದಲು ಬಸ್ಸೋ ಕಾರೋ ಎಂದು ಆರಿಸಿ, ಆಮೇಲೆ ಬಸ್‌ಗಳೊಳಗೆ ಆರಿಸುವಂತೆ ಲೆಕ್ಕವನ್ನು ಕವಲೊಡೆಸುತ್ತಾರೆ. ಅದಕ್ಕೆ ನೆಸ್ಟೆಡ್ ಲಾಜಿಟ್ ಎಂದು ಹೆಸರು. ಅದನ್ನು ಮಾಡದೆ ‘ಖಾಸಗಿ ಸಿಟಿ ಬಸ್’, ‘ಸರಕಾರಿ ಸಿಟಿ ಬಸ್’ ಎಂದು ಎರಡು ಸಾಲು ಬರೆದ ವರದಿ ಮಂಗಳೂರಿನಲ್ಲಿ ಸ್ಕೂಟರುಗಳು ಕಡಿಮೆಯಾಗುತ್ತವೆ ಎಂದು ಭವಿಷ್ಯ ನುಡಿಯುತ್ತದೆ. ನಿಜದಲ್ಲಿ ಆಗುವುದು, ಒಂದೇ ನಿಲ್ದಾಣದ ಅದೇ ಪ್ರಯಾಣಿಕರಿಗಾಗಿ ಎರಡು ಬಸ್ ಪೈಪೋಟಿ ಮಾಡುವುದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಒಗಟಿಗೆ ಹೊಸ ತಿರುವು ಸಿಕ್ಕಿತು. ಸಾರಿಗೆ ನಿಗಮಗಳ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ. ಖಾಸಗಿ ಬಸ್ಸಿಗೆ ಯೋಜನೆ ಅನ್ವಯಿಸುವುದಿಲ್ಲ. ಈಗ ಆ ಎರಡು ಬಸ್‌ಗಳು ಗಂಡಸರ ಪಾಲಿಗೆ ಅವಳಿಗಳು, ಹೆಂಗಸರ ಪಾಲಿಗೆ ಅಲ್ಲವೇ ಅಲ್ಲ. ಒಂದೇ ಬಸ್‌ಸ್ಟಾಪಿನಲ್ಲಿ ಗಂಡ ಹೆಂಡತಿ ನಿಂತಿದ್ದರೂ ಅವರ ಮುಂದಿರುವ ಆಯ್ಕೆಪಟ್ಟಿ ಬೇರೆ. ಬೆಂಗಳೂರಿನಲ್ಲಿ ಬರುವ ಸಿಟಿ ಬಸ್ಸೆಲ್ಲ ನಿಗಮದ್ದೇ ಆದ್ದರಿಂದ ಈ ಗೊಂದಲವಿಲ್ಲ. ಇಲ್ಲಿ ಉಚಿತವಾದದ್ದು ಅಪರೂಪಕ್ಕೆ ಬರುತ್ತದೆ, ದುಡ್ಡು ಕೊಡಬೇಕಾದದ್ದು ಮೂರು ನಿಮಿಷಕ್ಕೊಮ್ಮೆ.

ಉಡುಪಿ, ಮಣಿಪಾಲದ ಕಡೆ ನಿಲ್ದಾಣಗಳಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ “ಬನ್ನಿ ಅಕ್ಕಾ, ಸೀಟು ಉಂಟು” ಎಂದು ಕರೆದರೂ, ಆಧಾರ್ ಕಾರ್ಡ್ ಕೈಯಲ್ಲೇ ಹಿಡಿದ ಹೆಂಗಸು ತಲೆಯಾಡಿಸಿ ಸುಮ್ಮನೆ ನಿಲ್ಲುತ್ತಾರೆ. ಒಂದು ಬಸ್ ಹೋಯಿತು, ಇನ್ನೊಂದೂ ಹೋಯಿತು. ಅವರ ಪಕ್ಕದಲ್ಲಿದ್ದ ಕಾಲೇಜಿನ ಹುಡುಗಿ ಮೊದಲ ಬಸ್ಸನ್ನೇ ಹತ್ತಿ ಹೋದಳು. ಸಮೀಕ್ಷೆಯ ಪ್ರಶ್ನಾವಳಿ ಹಿಡಿದು ಮನೆ ಮನೆಗೆ ಹೋಗಿ “ನಿಮ್ಮ ಒಂದು ಗಂಟೆಗೆ ಎಷ್ಟು ಬೆಲೆ” ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು, ಇಲ್ಲಿ ಅವರು ಮಾತಾಡದೆ ಕೊಟ್ಟಿದ್ದಾರೆ. ಹದಿನೈದು ರೂಪಾಯಿ ಉಳಿಸಲು ಇಪ್ಪತ್ತು ನಿಮಿಷ ನಿಲ್ಲುವವರ ಗಂಟೆಯ ಬೆಲೆ ನಲವತ್ತೈದು ರೂಪಾಯಿಗಿಂತ ಹೆಚ್ಚಿಲ್ಲ. ಕಾಯುವ ನಿಮಿಷ ಇಮ್ಮಡಿ ತೂಕದ್ದು ಎಂದು ಹಿಡಿದರೆ, ಬಸ್ಸಿನೊಳಗಿನ ಸಮಯಕ್ಕೆ ಅದರ ಅರ್ಧ. ಆ ಹೆಂಗಸಿಗೆ ಪುರುಸೊತ್ತು ಜಾಸ್ತಿ ಎಂದು ಇದನ್ನು ಓದಿಕೊಳ್ಳುವುದು ದೊಡ್ಡ ತಪ್ಪು. ಅವರ ಕೈಯಲ್ಲಿ ನಗದು ಎಷ್ಟು ಬಿಗಿ ಎಂಬುದನ್ನು ಅದು ಹೇಳುತ್ತದೆ. ಹಾಗಾಗಿಯೇ ಸಮಯದ ಬೆಲೆ ಎಂಬ ಅಂಕಿಯನ್ನು ಯೋಜನೆಯ ಲಾಭ ಅಳೆಯಲು ಕಣ್ಣುಮುಚ್ಚಿ ಬಳಸಿದರೆ, ಕಾರಿನವರ ಹತ್ತು ನಿಮಿಷ ಉಳಿಸುವ ಮೇಲ್ಸೇತುವೆ ಯಾವತ್ತೂ ಬಸ್ಸಿನವರ ಹತ್ತು ನಿಮಿಷ ಉಳಿಸುವ ಬಸ್ಸಿಗಿಂತ ಲಾಭದಾಯಕವಾಗಿ ಕಾಣುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳನ್ನಲ್ಲ, ಜನರನ್ನು ಸಾಗಿಸಿ ಎಂದು ಹೇಳಿ ಎರಡು ದಶಕವಾಗುತ್ತಾ ಬಂತು. ಲೆಕ್ಕದ ಹಾಳೆಗೆ ಅದಿನ್ನೂ ಇಳಿದಿಲ್ಲ.

ಆಯ್ಕೆ ಎಂಬುದೇ ಇಲ್ಲದವರ ಕಥೆ ಬೇರೆ. ಒಂದೇ ಸ್ಕೂಟರ್ ಇರುವ ಮನೆಯಲ್ಲಿ ಅದನ್ನು ಬೆಳಿಗ್ಗೆ ಒಬ್ಬರು ತೆಗೆದುಕೊಂಡು ಹೋದ ಮೇಲೆ ಉಳಿದವರಿಗೆ ಸ್ಕೂಟರ್ ಆಯ್ಕೆಯಲ್ಲ. ಹದಿನೆಂಟು ತುಂಬದ ವಿದ್ಯಾರ್ಥಿ, ಎತ್ತರದ ಮೆಟ್ಟಿಲು ಹತ್ತಲಾಗದೆ ಬಸ್ಸನ್ನೇ ಬಿಟ್ಟ ಎಪ್ಪತ್ತರ ಅಜ್ಜಿ, ಇವರನ್ನೆಲ್ಲ ‘ಬಸ್ ಆರಿಸಿದವರು’ ಅಥವಾ ‘ಬಸ್ ಆರಿಸದವರು’ ಎಂದು ಬರೆದರೆ ಮಾದರಿ ಪಾಠ ಕಲಿಯುವುದೇ ತಪ್ಪಾಗಿ. ಬಸ್ ಬಿಟ್ಟರೆ ಬೇರೆ ದಾರಿಯಿಲ್ಲದವರು ದರ ಎಷ್ಟೇ ಏರಿದರೂ ಹತ್ತುತ್ತಾರೆ. ಅದನ್ನು ನೋಡಿ ದರ ಏರಿಸಿದರೂ ಜನ ಬಿಡುವುದಿಲ್ಲ ಎಂದು ಮಾದರಿ ತೀರ್ಮಾನಿಸುತ್ತದೆ. ನಮ್ಮ ದತ್ತಾಂಶಗಳ ಗತಿಯೂ ಹಾಗೆಯೇ ಇದೆ. 2011ರ ಜನಗಣತಿ ಜನ ಕೆಲಸಕ್ಕೆ ಯಾವ ವಾಹನದಲ್ಲಿ, ಎಷ್ಟು ದೂರ ಹೋಗುತ್ತಾರೆಂದು ಕೇಳಿತು. ಕೇಳಿದ್ದು ಕೃಷಿ, ಗೃಹ ಕೈಗಾರಿಕೆ ಬಿಟ್ಟ ಕೆಲಸಗಾರರನ್ನು ಮಾತ್ರ. ದೇರಳಕಟ್ಟೆಯ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವ ಮಗಳೂ ಸುರತ್ಕಲ್ಲಿಗೆ ಓದಲು ಹೋಗುವ ಹುಡುಗನೂ ಆ ಪಟ್ಟಿಯಲ್ಲಿಲ್ಲ.

ಇನ್ನು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುವ ಕರಾವಳಿಯಲ್ಲಿ ಸಮೀಕ್ಷೆಯನ್ನು ಜನವರಿ, ಫೆಬ್ರವರಿಯಲ್ಲಿ ಮಾಡುವುದು ಸಮೀಕ್ಷೆ ಮಾಡುವವರ ಅನುಕೂಲ. ರೈನ್‌ಕೋಟ್ ಒಳಗೆ ನೀರು ನುಗ್ಗಿ ಅರ್ಧ ಒದ್ದೆಯಾಗಿ ಕಚೇರಿ ಸೇರುವ ಆಷಾಢದ ಸ್ಕೂಟರ್ ಸವಾರಿಗೆ ಜನವರಿಯ ಪ್ರಶ್ನಾವಳಿಯಲ್ಲಿ ಸಾಲಿಲ್ಲ. ಸೂರಿಲ್ಲದ ಬಸ್‌ಸ್ಟಾಪಿಗೂ ಇಲ್ಲ.

ಅಳೆಯದೆ ಬಿಟ್ಟದ್ದೆಲ್ಲ ಮಾದರಿಯಲ್ಲಿ ಒಂದು ಸ್ಥಿರಾಂಕವಾಗಿ ಸೇರುತ್ತದೆ. ಬಸ್ಸಿನ ಸ್ಥಿರಾಂಕ ಸಾಮಾನ್ಯವಾಗಿ ಋಣ ಸಂಖ್ಯೆ: ಟೈಮಿಂಗ್‌ಗಾಗಿ ಮುಂದಿನ ಬಸ್ಸನ್ನು ಹಿಂದಿಕ್ಕುವ ಡ್ರೈವರ್, ಇಳಿಯುವ ಮೊದಲೇ ಊದುವ ಸೀಟಿ, ನೂಕುನುಗ್ಗಲಿನಲ್ಲಿ ಹೆಂಗಸರು ಅನುಭವಿಸುವ ಕಿರಿಕಿರಿ, ‘ಇನ್ನೂ ಬಸ್ಸಿನಲ್ಲೇ ಹೋಗುವುದಾ’ ಎನ್ನುವ ನೆಂಟರು. ವರದಿಯಲ್ಲಿ ಇದೊಂದು ಸಣ್ಣ ಅಂಕಿ, ಯಾರೂ ಅದರ ಬಗ್ಗೆ ಅರ್ಧ ಪುಟ ಬರೆಯುವುದಿಲ್ಲ. ನಾನು ವರದಿ ಓದುವಾಗ ಮೊದಲು ಹುಡುಕುವುದು ಅದನ್ನೇ. ಅದು ದೊಡ್ಡದಿದ್ದಷ್ಟೂ ಬರೆದವರಿಗೆ ಊರು ಗೊತ್ತಿರುವುದು ಕಡಿಮೆ.

ಹೊಸ ವಾಹನವಾದರೆ ಆ ಸ್ಥಿರಾಂಕವೂ ಸಿಗುವುದಿಲ್ಲ, ಇನ್ನೂ ಯಾರೂ ಅದರಲ್ಲಿ ಹೋಗಿಲ್ಲವಲ್ಲ. ವಾಟರ್ ಮೆಟ್ರೊ ಬಂದರೆ ಹತ್ತುತ್ತೀರಾ ಎಂದು ಕೇಳಬೇಕಾಗುತ್ತದೆ. ಹವಾನಿಯಂತ್ರಿತ ದೋಣಿಯ ಚಿತ್ರ ತೋರಿಸಿ ಕೇಳಿದರೆ ಇಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂವ್ಯಾರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ 14 ದೇಶಗಳ 210 ರಸ್ತೆ, ರೈಲು ಯೋಜನೆಗಳ ಅಂದಾಜುಗಳನ್ನು ನಿಜವಾದ ಬಳಕೆಯೊಂದಿಗೆ ಹೋಲಿಸಿದಾಗ, ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳು ಪ್ರಯಾಣಿಕರನ್ನು ಹೆಚ್ಚು ಎಣಿಸಿದ್ದವು. ಸರಾಸರಿ ಹೆಚ್ಚಳ ಶೇ 106, ಅಂದರೆ ಬಂದವರ ಇಮ್ಮಡಿಗಿಂತಲೂ ಹೆಚ್ಚು ಜನ ಬರುತ್ತಾರೆ ಎಂದು ಹೇಳಲಾಗಿತ್ತು.

ದೋಣಿ ಬೇಡ ಎಂದು ನಾನು ಹೇಳುತ್ತಿಲ್ಲ. ದೋಣಿ ಎಲ್ಲಿ ಗೆಲ್ಲುತ್ತದೆ ಎಂಬುದಕ್ಕೆ ನಮ್ಮಲ್ಲೇ ಪುರಾವೆಯಿದೆ. ಹಳೆ ಬಂದರಿನಿಂದ ಬೆಂಗ್ರೆಗೆ, ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಫೆರಿ ಓಡುತ್ತಿರುವುದು ಯಾರ ಸಮೀಕ್ಷೆಯಿಂದಲೂ ಅಲ್ಲ. ಬೆಂಗ್ರೆ ಕಡಲು ಮತ್ತು ಫಲ್ಗುಣಿಯ ನಡುವಿನ ಮರಳ ದಿಣ್ಣೆ. ರಸ್ತೆಯಲ್ಲಿ ಹೋಗಬೇಕಾದರೆ ಕೂಳೂರು ಸೇತುವೆ ದಾಟಿ ಸುತ್ತಿ ಬರಬೇಕು, ದೋಣಿಯಲ್ಲಾದರೆ ಕೆಲವೇ ನಿಮಿಷ. ಮೀನಿನ ಬುಟ್ಟಿಯವರಿಂದ ಹಿಡಿದು ಶಾಲೆ ಮಕ್ಕಳ ತನಕ ಎಲ್ಲರಿಗೂ ಲೆಕ್ಕ ಒಂದೇ ಉತ್ತರ ಕೊಡುತ್ತದೆ. ನದಿಯನ್ನು ಅಡ್ಡ ದಾಟುವ ಕಡೆ ದೋಣಿಗೆ ಎದುರಾಳಿಯೇ ಇಲ್ಲ. ಕೊಚ್ಚಿಯಲ್ಲೂ ಮೊದಲು ತೆರೆದ ಮಾರ್ಗಗಳಲ್ಲಿ ಒಂದು ಹೈಕೋರ್ಟಿನಿಂದ ವೈಪಿನ್ ದ್ವೀಪಕ್ಕೆ ಅಡ್ಡ ದಾಟುವಂಥದ್ದೇ. ವಾಟರ್ ಮೆಟ್ರೊಗೆ ಪ್ರಸ್ತಾಪವಾಗಿರುವ, ಬಜಾಲಿನಿಂದ ಮರವೂರಿನ ಕಡೆಗೆ ನದಿಯ ಉದ್ದಕ್ಕೆ ಸಾಗುವ ಮಾರ್ಗದ ಮಾತು ಬೇರೆ. ಅಲ್ಲಿ ದೋಣಿ ಹತ್ತುವ ಜೆಟ್ಟಿಯ ತನಕ ಹೋಗುವುದು, ದೋಣಿಗೆ ಕಾಯುವುದು, ಇಳಿದ ಮೇಲೆ ಗುಡ್ಡ ಹತ್ತಿ ರಸ್ತೆ ಸೇರಿ ಇನ್ನೊಂದು ಬಸ್ ಹಿಡಿಯುವುದು ಇವೆಲ್ಲ ಇಮ್ಮಡಿ ತೂಕದ ನಿಮಿಷಗಳು. ಮಂಗಳೂರು ಏರುಪೇರಿನ ಊರು, ನದಿ ಇರುವುದು ತಗ್ಗಿನಲ್ಲಿ, ಕಚೇರಿ ಕಾಲೇಜುಗಳು ದಿಣ್ಣೆಯಲ್ಲಿ. ದೋಣಿಯೊಳಗಿನ ತಂಪಾದ ಇಪ್ಪತ್ತು ನಿಮಿಷ ಆ ನಷ್ಟವನ್ನು ತುಂಬಿಕೊಡಲಾರದು. ಜೆಟ್ಟಿಯ ಬಾಯಿಗೆ ಪ್ರತಿ ಐದು ನಿಮಿಷಕ್ಕೆ ಬಸ್ ತಂದು ನಿಲ್ಲಿಸಿದರೆ ಉತ್ತರ ಬದಲಾಗಬಹುದು. ಆದರೆ ಅಷ್ಟು ಬಸ್ ತರುವ ಮನಸ್ಸಿದ್ದರೆ ಮೊದಲು ತರಬೇಕಾದ ಜಾಗಗಳು ಬೇರೆ ಇವೆ.

ರಾತ್ರಿಯ ಟ್ರಿಪ್‌ಗೆ ಬೇಕಾದ ಕಾನೂನು ಈಗಾಗಲೇ ಇದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಬಸ್‌ಗಳಿಗೆ ಪರ್ಮಿಟ್ ಕೊಡುವಾಗ, ದಿನಕ್ಕೆ ಕನಿಷ್ಠ ಎಷ್ಟು ಟ್ರಿಪ್ ಓಡಿಸಬೇಕು, ಯಾವ ಹೊತ್ತಿನಲ್ಲಿ ಎಂಬ ಷರತ್ತು ಹಾಕಲು 1988ರ ಮೋಟಾರು ವಾಹನ ಕಾಯ್ದೆಯ 72ನೇ ವಿಧಿ ಅವಕಾಶ ಕೊಡುತ್ತದೆ. ಷರತ್ತು ಹಾಕಿದರೂ ನಷ್ಟ ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಎರಡು ದಾರಿ. ಒಂದೋ ಆ ಮಾರ್ಗದ ಎಲ್ಲ ಮಾಲೀಕರೂ ರಾತ್ರಿಯ ಟ್ರಿಪ್‌ಗಳನ್ನು ಸರದಿಯಲ್ಲಿ ಹಂಚಿಕೊಂಡು ನಷ್ಟವನ್ನೂ ಹಂಚಿಕೊಳ್ಳಬೇಕು. ಇಲ್ಲವೇ ಕಿಲೋಮೀಟರಿಗೆ ಇಷ್ಟು ಎಂದು ಪಾಲಿಕೆಯೋ ಸರಕಾರವೋ ಕೊಟ್ಟು, ಕಲೆಕ್ಷನನ್ನು ತಾನು ತೆಗೆದುಕೊಳ್ಳಬೇಕು. ಎರಡನೆಯದು ನನಗೆ ಹೆಚ್ಚು ಸರಿ ಕಾಣುತ್ತದೆ, ಕಂಡಕ್ಟರಿಗೆ ಕಲೆಕ್ಷನ್ ಮೇಲೆ ಸಿಗುವ ಭತ್ಯೆಯ ಒತ್ತಡ ಇಲ್ಲದಿದ್ದರೆ ಟ್ರಿಪ್ ಕಡಿಯುವ ಕಾರಣವೂ ಇರುವುದಿಲ್ಲ. ನರ್ಮ್ ಬಸ್‌ಗಳನ್ನು ಹಗಲು ಖಾಸಗಿಯವರ ಮುಂದೆ ಹಿಂದೆ ಓಡಿಸುವ ಬದಲು ಎಂಟರ ನಂತರ ಅವರಿಲ್ಲದ ರಸ್ತೆಗೆ ಇಳಿಸಿದರೂ ಆಗುತ್ತದೆ. ಆಗ ಹೆಂಗಸರ ಲೆಕ್ಕದಲ್ಲಿ ದರವೂ ಸೊನ್ನೆ, ಕಾಯುವಿಕೆಯೂ ಕಡಿಮೆ.

ಪ್ರಯೋಗಕ್ಕೆ ಸ್ಟೇಟ್‌ಬ್ಯಾಂಕ್, ತೊಕ್ಕೊಟ್ಟು, ದೇರಳಕಟ್ಟೆ ಮಾರ್ಗ ಒಳ್ಳೆಯದು. ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೂ ಆಸ್ಪತ್ರೆಗಳ ಪಾಳಿ ಬದಲಾಗುವ ಹೊತ್ತಿಗೂ ಅಲ್ಲಿ ಜನರಿದ್ದಾರೆ. ಒಂದು ಮಳೆಗಾಲವೂ ಒಳಗೊಳ್ಳುವಂತೆ ಒಂದು ವರ್ಷ, ರಾತ್ರಿ ಎಂಟರಿಂದ ಹತ್ತೂವರೆಯ ತನಕ ಹದಿನೈದು ನಿಮಿಷಕ್ಕೊಂದು ಬಸ್, ಹಗಲಿನ ವೇಳಾಪಟ್ಟಿ ಹಾಗೆಯೇ. ಆಮೇಲೆ ನೋಡಬೇಕಾದದ್ದು ರಾತ್ರಿಯ ಕಲೆಕ್ಷನನ್ನಲ್ಲ. ಆ ಮಾರ್ಗದ ಎಲ್ಲ ಬಸ್‌ಗಳ ಟಿಕೆಟ್ ಮೆಷಿನ್‌ಗಳಿಂದ ಬೆಳಿಗ್ಗೆ ಏಳರಿಂದ ಹತ್ತರ ನಡುವಿನ ಟಿಕೆಟ್‌ಗಳನ್ನು ತೆಗೆದು, ಹಿಂದಿನ ವರ್ಷದ ಅದೇ ತಿಂಗಳುಗಳ ಪಕ್ಕದಲ್ಲಿ ಇಡಬೇಕು.